ಮನೆಗೊಬ್ಬ ಅಡ್ಮಿನ್

ಹೊರನಾಡ ಕನ್ನಡ ಮನೆಯಲ್ಲಿ ಕಂಪ್ಯೂಟರು ಪಿತ್ರಾರ್ಜಿತ ಆಸ್ತಿಯೇ, ಆದರೆ ಅದು ಇಳಿಯುವುದು ಮಗನಿಂದ ಅಪ್ಪನಿಗೆ. ನ್ಯೂಜೆರ್ಸಿಯಲ್ಲಿ ಮಗ ಹೊಸ ಲ್ಯಾಪ್‌ಟಾಪ್ ಕೊಂಡಾಗ ಅವನ ಹಳೆಯದು ಸೊಸೆಗೆ, ಸೊಸೆಯದು ಮೊಮ್ಮಗಳಿಗೆ, ಮೊಮ್ಮಗಳು "ಸ್ಲೋ" ಎಂದು ತಳ್ಳಿದ್ದು ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ತಾತನಿಗೆ. ಅಷ್ಟರಲ್ಲಿ ಯಂತ್ರಕ್ಕೆ ಏಳೆಂಟು ವರ್ಷ ತುಂಬಿರುತ್ತದೆ. ಆಪರೇಟಿಂಗ್ ಸಿಸ್ಟಂ ಯಾವುದಿರಬೇಕೆಂಬ ಪ್ರಶ್ನೆ ಏಳುವುದು ಆಗಲೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಗಿಯಿತೆಂದರೆ ಯಂತ್ರ ನಿಂತುಹೋಗುವುದಿಲ್ಲ. ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆ, ಅಷ್ಟೆ. ವಿಂಡೋಸ್ 11ಕ್ಕೆ ಏರಲು 4 ಜಿಬಿ ರ‍್ಯಾಮ್, 64 ಜಿಬಿ ಜಾಗದ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರೂ ಬೇಕು. ಕೆಲವು ಯಂತ್ರಗಳಲ್ಲಿ ಚಿಪ್ಪು ಇದ್ದೂ ಬಯೋಸ್‌ನಲ್ಲಿ ಮುಚ್ಚಿರುತ್ತದೆ. ಇಲ್ಲವೆಂದು ತೀರ್ಮಾನಿಸುವ ಮೊದಲು ಅಲ್ಲೊಮ್ಮೆ ಇಣುಕುವುದು ಒಳ್ಳೆಯದು. ನಿಜವಾಗಿಯೂ ಇಲ್ಲದಿದ್ದರೆ ಲಿನಕ್ಸ್ ಮಿಂಟ್ ಉಂಟು: ದುಡ್ಡಿಲ್ಲ, ಹಳೆಯ ಯಂತ್ರಕ್ಕೆ ಭಾರವಿಲ್ಲ, ಮುಖಚಹರೆ ಹಳೆಯ ವಿಂಡೋಸಿನದೇ. ಪೆನ್‌ಡ್ರೈವಿನಿಂದಲೇ ಓಡಿಸಿ, ವೈಫೈ, ಕ್ಯಾಮೆರಾ, ಸ್ಪೀಕರು ಮೂರೂ ಕೆಲಸ ಮಾಡುತ್ತವೆಯೇ ಎಂದು ನೋಡಿ, ಆಮೇಲೆ ಸ್ಥಾಪಿಸಬಹುದು. ಈ ಸಲಹೆಯನ್ನು ಮಗ ಕೊಡುವುದಿಲ್ಲ. ಮಗ ಸಾಫ್ಟ್‌ವೇರಿನವನಾದರೂ "ನಂದು ಬ್ಯಾಕೆಂಡ್, ಅಪ್ಪ" ಎಂದು ಜಾರಿಕೊಳ್ಳುತ್ತಾನೆ. ಕಂಪ್ಯೂಟರಿನ ಕೆಲಸ ಮಾಡುವವನಿಗೆ ಕಂಪ್ಯೂಟರು ಬರುವುದಿಲ್ಲ ಎಂಬ ಸಂಗತಿ ತಾತನ ಪಾಲಿಗೆ ಅಮೆರಿಕ ಪ್ರವಾಸದ ಮೊದಲ ಆಘಾತ.

ಮೊದಲ ಸಲ ಚಾಲೂ ಮಾಡಿದಾಗ ಯಂತ್ರ ದೇಶ, ಭಾಷೆ, ಕೀಲಿಮಣೆ ಕೇಳುತ್ತದೆ. ಇಲ್ಲಿ ಅವಸರ ಸಲ್ಲದು. ಪ್ರದೇಶ ಅಮೆರಿಕವೆಂದಿದ್ದರೆ ದಿನಾಂಕದಲ್ಲಿ ತಿಂಗಳು ಮುಂದೆ ಬರುತ್ತದೆ. ಪರದೆಯಲ್ಲಿ 4/5 ಎಂದು ಕಂಡರೆ ಮಗನಿಗದು ಏಪ್ರಿಲ್ 5, ತಾತನಿಗೆ ಮೇ 4. ಮೊಮ್ಮಗಳ ಭರತನಾಟ್ಯ ತಪ್ಪಿದರೆ ವಿಡಿಯೊ ಸಿಗುತ್ತದೆ, ಬಿ.ಪಿ. ಮಾತ್ರೆ ತರುವ ದಿನ ತಪ್ಪಿದರೆ ಸೊಸೆ ಸಿಗುತ್ತಾಳೆ. ದಿನಾಂಕದ ರೂಪವನ್ನು ಸೆಟ್ಟಿಂಗ್ಸಿನಲ್ಲಿ ಬೇರೆಯಾಗಿಯೇ ಬದಲಿಸಬಹುದು. ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ ರೂಪ ಆರಿಸಿದರೆ ಇಬ್ಬರಿಗೂ ಕ್ಷೇಮ.

ಗಡಿಯಾರದ್ದು ಇನ್ನೊಂದು ಕತೆ. ಅಜ್ಜಿಗೆ ಮೈಸೂರಿನ ಹೊತ್ತು ತಿಳಿಯಬೇಕು, ತಂಗಿ ಎದ್ದಿದ್ದಾಳೋ ಇಲ್ಲವೋ ನೋಡಲು. ಅದಕ್ಕೆಂದು ಯಂತ್ರದ ಕಾಲವಲಯವನ್ನೇ ಭಾರತಕ್ಕೆ ತಿರುಗಿಸಿಟ್ಟರೆ, ಆ ಯಂತ್ರದಲ್ಲಿ ಕ್ಯಾಲೆಂಡರು ತೆರೆದ ಸೊಸೆಗೆ ತನ್ನ ಬೆಳಗಿನ ಹತ್ತರ ಮೀಟಿಂಗು ಸಂಜೆ ಏಳೂವರೆಗೆ ಕಾಣುತ್ತದೆ. ವಿಂಡೋಸಿನಲ್ಲಿ ಸ್ಥಳೀಯ ಗಡಿಯಾರದ ಜೊತೆ ಇನ್ನೆರಡು ಗಡಿಯಾರ ಸೇರಿಸುವ ಅನುಕೂಲ ಇದೆ. ಕೋಲ್ಕತಾ ಎಂದಿರುವುದನ್ನು ಆರಿಸಿದರೆ ಮೈಸೂರಿಗೂ ಅದೇ. ನ್ಯೂಜೆರ್ಸಿಗೂ ಮೈಸೂರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ನವೆಂಬರಿನ ಮೊದಲ ಭಾನುವಾರದಿಂದ ಮಾರ್ಚಿನ ಎರಡನೇ ಭಾನುವಾರದವರೆಗೆ ಹತ್ತೂವರೆ. ಈ ಲೆಕ್ಕ ಯಂತ್ರಕ್ಕೆ ಬಿಟ್ಟದ್ದು. ಮನುಷ್ಯರು ಮಾಡಹೊರಟ ಮನೆಗಳಲ್ಲಿ ತಂಗಿಯಂದಿರು ಬೆಳಗಿನ ಜಾವ ಮೂರಕ್ಕೆ ಎದ್ದಿದ್ದಾರೆ.

ಮುಂದಿನದು ಖಾತೆ. ಇಡೀ ಸ್ಥಾಪನೆಯಲ್ಲಿ ಗಂಭೀರ ವಿಷಯ ಇದೊಂದೇ ಎನ್ನಬಹುದು. ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಖಾತೆ, ಹೆಸರು 'ಹೋಮ್', ಪಾಸ್‌ವರ್ಡು ಮನೆದೇವರ ಹೆಸರಿನ ಮುಂದೆ 123. ಮನೆದೇವರು ಯಾರೆಂದು ಮನೆಗೆ ಬರುವ ನೆಂಟರಿಗೆಲ್ಲ ಗೊತ್ತು. ಒಂದೇ ಖಾತೆಯಲ್ಲಿ ತಾತನ ಯಕ್ಷಗಾನ, ಅಜ್ಜಿಯ ಧಾರಾವಾಹಿ, ಮೊಮ್ಮಗಳ ಮೈನ್‌ಕ್ರಾಫ್ಟ್ ಸೇರಿದಾಗ ಯೂಟ್ಯೂಬು ತಬ್ಬಿಬ್ಬಾಗಿ ಎಲ್ಲರಿಗೂ ಎಲ್ಲವನ್ನೂ ಬಡಿಸತೊಡಗುತ್ತದೆ. ಸೊಸೆ ಕಚೇರಿಯ ಮೀಟಿಂಗಿನಲ್ಲಿ ಪರದೆ ಹಂಚಿಕೊಂಡ ಗಳಿಗೆಗೆ ಸರಿಯಾಗಿ "ಮಂಡಿನೋವಿಗೆ ಮೆಂತ್ಯ" ಎಂಬ ಸಂದೇಶ ಮೂಲೆಯಿಂದ ಎದ್ದು ಬರುತ್ತದೆ.

ಆದ್ದರಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ. ಅವುಗಳಲ್ಲಿ ಒಂದು ಮಾತ್ರ ಅಡ್ಮಿನಿಸ್ಟ್ರೇಟರ್, ಉಳಿದವು ಸ್ಟ್ಯಾಂಡರ್ಡ್. ಸ್ಟ್ಯಾಂಡರ್ಡ್ ಖಾತೆಯವರು ಓದಬಹುದು, ಬರೆಯಬಹುದು, ನೋಡಬಹುದು. ಇಡೀ ಯಂತ್ರಕ್ಕೆ ತಟ್ಟುವಂಥ ಬದಲಾವಣೆ ಮಾಡಲು ಹೊರಟರೆ ಯಂತ್ರ ಅಡ್ಮಿನ್ ಪಾಸ್‌ವರ್ಡು ಕೇಳುತ್ತದೆ. ಎಲ್ಲಿಂದಲೋ ಬಂದ ಕೆಡುಕು ತಂತ್ರಾಂಶಕ್ಕೂ ಈ ತಡೆಯೇ ಅಡ್ಡ ನಿಲ್ಲುವುದರಿಂದ, ಅಡ್ಮಿನ್ ಆದವರು ಕೂಡ ದಿನದ ಬಳಕೆಗೆ ಸ್ಟ್ಯಾಂಡರ್ಡ್ ಖಾತೆ ಇಟ್ಟುಕೊಳ್ಳುವುದು ಲೇಸು. ತಾಂತ್ರಿಕವಾಗಿ ಇದು ಎರಡು ನಿಮಿಷದ ಕೆಲಸ. ಕೌಟುಂಬಿಕವಾಗಿ ಒಂದು ವಾರ ಹಿಡಿಯುತ್ತದೆ. ನಿವೃತ್ತ ಹೆಡ್‌ಮಾಸ್ಟರರೊಬ್ಬರಿಗೆ ಪರದೆಯ ಮೇಲೆ 'ಸ್ಟ್ಯಾಂಡರ್ಡ್ ಯೂಸರ್' ಎಂಬ ಪಟ್ಟ ಕಂಡಾಗ ನಡೆಯುವ ಮಾತುಕತೆ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಹೀಗಿರುತ್ತದೆ:

"ಇದ್ಯಾಕೆ ಪುಟ್ಟಿ, ಮತ್ತೆ ಪಾಸ್‌ವರ್ಡ್ ಕೇಳ್ತಿದೆ? ಈಗ ತಾನೇ ಹಾಕಿದ್ನಲ್ಲ?"

"ಅದು ನಿಮ್ ಪಾಸ್‌ವರ್ಡ್ ಅಲ್ಲ ತಾತ, ಅಡ್ಮಿನ್ ಪಾಸ್‌ವರ್ಡ್."

"ಅಡ್ಮಿನ್ ಯಾರು? ನಿಮ್ಮಪ್ಪನಾ?"

"ಅಲ್ಲ, ನಾನು."

ಮಕ್ಕಳ ಖಾತೆಯ ಮೇಲೆ ಹೊತ್ತಿನ ಮಿತಿ ಹೇರಲು ವಿಂಡೋಸಿನಲ್ಲಿ ಫ್ಯಾಮಿಲಿ ಸೇಫ್ಟಿ ಇದೆ. ಹತ್ತು ವರ್ಷದ ಅಡ್ಮಿನ್ ಇರುವ ಮನೆಯಲ್ಲಿ ಆ ಮಿತಿ ತಾತನಿಗೂ ಬೀಳಬಹುದಾದ್ದರಿಂದ ಅಧಿಕಾರ ಮೊದಲು ಸೊಸೆಯ ಕೈಗೆ ಬರಬೇಕು. ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ತಾತಂದಿರಿಗೆ ಪಿನ್ ಸುಲಭ. ವಿಂಡೋಸಿನ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಅನ್ವಯ. ಅದು ಹೊರಗಿನವರಿಗೆ ತಿಳಿದರೂ ಬೇರೆ ಊರಲ್ಲಿ ಕುಳಿತು ಖಾತೆಯೊಳಗೆ ನುಗ್ಗಲಾಗದು.

ಕನ್ನಡ ಟೈಪಿಂಗಿನಲ್ಲಿ ಎರಡು ಮತಗಳಿವೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ದಾರಿ ಅದರದು. ಹೊರನಾಡಿನ ಮಗ ಅಲ್ಲಿ ಕಲಿತವನು. ಕನ್ನಡ ಗಣಕ ಪರಿಷತ್ತಿನ 'ನುಡಿ' ಹಿಡಿದದ್ದು ಕೆ.ಪಿ. ರಾವ್ ವಿನ್ಯಾಸವನ್ನು, ಕರ್ನಾಟಕದ ಸರ್ಕಾರಿ ಕೆಲಸದಲ್ಲಿ ಬೆರಳು ಸವೆಸಿದ ತಾತನ ಪಾಲಿಗೆ ಅದೇ ಪ್ರಮಾಣ. 'ಕನ್ನಡ' ಎಂದು ಮೂಡಿಸಲು ಮಗ ಕೆ, ಎ, ಎನ್, ಎನ್, ಎ, ದೊಡ್ಡ ಡಿ, ಎ ಒತ್ತುತ್ತಾನೆ. ತಾತ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ಆಗಲೇ ಮುಗಿಸಿರುತ್ತಾರೆ. ಡಬ್ಲ್ಯೂಗೂ ಡಕಾರಕ್ಕೂ ಏನು ನಂಟೆಂದು ಮಗ ಕೇಳಬಾರದು. ಅಲ್ಪಪ್ರಾಣಕ್ಕೆ ಸುಮ್ಮನೆ, ಮಹಾಪ್ರಾಣಕ್ಕೆ ಶಿಫ್ಟಿನೊಡನೆ ಎಂಬ ನಿಯಮಕ್ಕೆ ಬದ್ಧವಾದ ಮೇಲೆ ಟವರ್ಗಕ್ಕೆ ಬೇರೆ ಕೀಲಿ ಹುಡುಕಲೇಬೇಕಾಯಿತು, ಅದರಲ್ಲಿ ತಪ್ಪೇನೂ ಇಲ್ಲ. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಈಚೆಗೆ ಕನ್ನಡ ಫೊನೆಟಿಕ್ ಕೀಲಿಮಣೆ ವಿಂಡೋಸಿನಲ್ಲೇ ಇದೆ. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಲಿಮಣೆಯನ್ನು ಆರಿಸಿಕೊಂಡರೆ ಸಾಕು. ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಲಕರಣೆಯ ಮೂಲಕ ಎರಡು ಮತಗಳೂ ಸಿಗುತ್ತವೆ. ವಿಂಡೋಸಿನಲ್ಲಿ ಕೀಲಿಮಣೆ ಬದಲಿಸಲು ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಬೇಕು. ಬದಲಿಸಿದ್ದನ್ನು ಮರೆತವರು ಪಾಸ್‌ವರ್ಡನ್ನು ಕನ್ನಡದಲ್ಲಿ ಹಾಕಿ, ಅದು ಚುಕ್ಕಿಗಳಾಗಿಯೇ ಕಾಣುವುದರಿಂದ ತಪ್ಪು ತಿಳಿಯದೆ, ಯಂತ್ರ ಕೆಟ್ಟಿದೆ ಎಂದು ಘೋಷಿಸುವುದುಂಟು.

ತಾತ ಪೆನ್‌ಡ್ರೈವಿನಲ್ಲಿ ತಂದಿರುವ ವಂಶವೃಕ್ಷದ ಕಡತ ತೆರೆದಾಗ ಮುತ್ತಾತನ ಜಾಗದಲ್ಲಿ ಯೂರೋಪಿನ ಚುಕ್ಕಿ-ಗೀಟುಗಳ ಅಕ್ಷರಗಳು ಕಂಡರೆ ಗಾಬರಿ ಬೇಡ. ಅದು ಯೂನಿಕೋಡಿಗಿಂತ ಹಿಂದಿನ ನುಡಿ ಫಾಂಟಿನ ಬರಹ. ಫಾಂಟು ಹಾಕಿದರೆ ಓದಲು ಬರುತ್ತದೆ. ನುಡಿ, ಬರಹ ಎರಡರಲ್ಲೂ ಯೂನಿಕೋಡಿಗೆ ಬದಲಿಸುವ ಸಲಕರಣೆ ಇದೆ. ಬದಲಾದ ಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು, ಇಲ್ಲವಾದರೆ ವಂಶದಲ್ಲಿ ಹೊಸ ಹೆಸರಿನವರು ಹುಟ್ಟಿಕೊಳ್ಳುತ್ತಾರೆ.

ಅಪ್‌ಡೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಳ ಮಡಿಸಿದರೆ ಕಂಪ್ಯೂಟರು ಆಫ್ ಆಯಿತೆಂಬ ನಂಬಿಕೆ ಸರಿಯಲ್ಲ, ಅದು ಮಲಗಿರುತ್ತದೆ. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡಬೇಕು, 'ಆಕ್ಟಿವ್ ಅವರ್ಸ್' ಎಂಬಲ್ಲಿ ಬಳಕೆಯ ಹೊತ್ತು ತುಂಬಬೇಕು. ತುಂಬದಿದ್ದರೆ ತಂಗಿಯ ಮಗಳ ನಿಶ್ಚಿತಾರ್ಥದ ವಿಡಿಯೊ ಕರೆಯಲ್ಲಿ ಉಂಗುರ ಬೆರಳಿಗೆ ಬರುವ ಹೊತ್ತಿಗೆ ನೀಲಿ ಪರದೆಯ ಮೇಲೆ ಶೇಕಡಾ 27 ಎಂದು ಕಂಡರೆ ಆಶ್ಚರ್ಯವಿಲ್ಲ.

ಎಚ್ಚರ ಹೆಚ್ಚು ಬೇಕಾದದ್ದು ಮೋಸದ ಪರದೆಗೆ. ಧಾರಾವಾಹಿ ಹುಡುಕುವಾಗ ಇದ್ದಕ್ಕಿದ್ದಂತೆ ಸೈರನ್ನು ಕೂಗಿ, "ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂಬ ಫಲಕ ಇಡೀ ಪರದೆ ತುಂಬುತ್ತದೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರು ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯುವುದು, ಆಗದಿದ್ದರೆ ಆಲ್ಟ್ ಮತ್ತು ಎಫ್4, ಅದೂ ಆಗದಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತುವುದು, ಇಷ್ಟೇ ಔಷಧ. ಆದರೂ ಕರೆ ಹೋಗಿಬಿಡುತ್ತದೆ. ಅಜ್ಜಿ ಕರೆ ಮಾಡಿದ ಮನೆಗಳಲ್ಲಿ ನಷ್ಟ ಕಡಿಮೆ; ಆ ಕಡೆಯವನಿಗೆ ಊರು ಯಾವುದು, ಊಟ ಆಯಿತೆ, ಮದುವೆ ಆಗಿದೆಯೆ ಎಂಬ ಮೂರು ಪ್ರಶ್ನೆ ದಾಟುವುದೇ ಕಷ್ಟ. ತಾತ ಮಾಡಿದರೆ ಅವನ ಇಂಗ್ಲಿಷ್ ವ್ಯಾಕರಣವೂ ತಿದ್ದಲ್ಪಡುತ್ತದೆ, ಆದರೆ ಕೊನೆಗೆ ಅವನು ಹೇಳಿದ ತಂತ್ರಾಂಶ ಸ್ಥಾಪನೆಯೂ ಆಗುತ್ತದೆ, ಏಕೆಂದರೆ ವಿದ್ಯಾರ್ಥಿ ಸುಧಾರಿಸಿದ್ದಾನೆ. ಹಾಗಾದಾಗ ಮೊದಲು ವೈಫೈ ಆಫ್ ಮಾಡಬೇಕು, ನಂತರ ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಯಂತ್ರದಿಂದ ಬದಲಿಸಬೇಕು, ಬೈಗುಳ ಆಮೇಲೆ.

ಆರು ತಿಂಗಳು ಮುಗಿದು ಲ್ಯಾಪ್‌ಟಾಪು ತಾತನೊಡನೆ ಮೈಸೂರಿಗೆ ಹೊರಡುವಾಗ ಮಗನ ಮತ್ತು ಸೊಸೆಯ ಹಳೆಯ ಖಾತೆಗಳನ್ನು ಅಳಿಸಬೇಕು. ಅಳಿಸುವ ಮೊದಲು ಫೋಟೊಗಳನ್ನು ಹೊರ ಡಿಸ್ಕಿಗೆ ತೆಗೆದಿಡುವುದು ಅಗತ್ಯ. ಒನ್‌ಡ್ರೈವಿನಲ್ಲಿ ಬಿಟ್ಟಿ ಸಿಗುವುದು 5 ಜಿಬಿ, ಅದು 'ಶುಭೋದಯ' ಚಿತ್ರಗಳಿಗೇ ಸಾಲದು. ಮುಂದೆ ತಾತನಿಗೆ ತೊಡಕಾದರೆ ವಿಂಡೋಸ್, ಕಂಟ್ರೋಲ್, ಕ್ಯೂ ಒಟ್ಟಿಗೆ ಒತ್ತಿದಾಗ ಕ್ವಿಕ್ ಅಸಿಸ್ಟ್ ತೆರೆಯುತ್ತದೆ. ನ್ಯೂಜೆರ್ಸಿಯಿಂದ ಮೊಮ್ಮಗಳು ಕೊಟ್ಟ ಸಂಕೇತವನ್ನು ಅಲ್ಲಿ ತುಂಬಿ ಒಪ್ಪಿಗೆ ಕೊಟ್ಟರೆ ಅವಳು ಇಲ್ಲಿಂದಲೇ ಪರದೆ ನೋಡಿ ಸರಿಪಡಿಸುತ್ತಾಳೆ. ಸಂಕೇತಕ್ಕೆ ಆಯುಸ್ಸು ಕಡಿಮೆ, ಕನ್ನಡಕ ಮೊದಲೇ ಹುಡುಕಿಟ್ಟಿರಬೇಕು. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರು ಬೇಡ. ಪಿನ್ನು ಬದಲಿಸುವ ಅಡಾಪ್ಟರು ಸಾಕು, ಅದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಬ್ಯಾಟರಿ ಇರುವುದರಿಂದ ಲ್ಯಾಪ್‌ಟಾಪು ಕೈಚೀಲದಲ್ಲೇ ಹೋಗುವುದು ಒಳ್ಳೆಯದು. ಆ ಜಾಗವನ್ನು ಅಜ್ಜಿ ಮೇಪಲ್ ಸಿರಪ್ಪಿನ ಬಾಟಲಿಗೆ ಕಾದಿರಿಸಿದ್ದರೆ, ಅಷ್ಟು ದ್ರವವನ್ನು ಕೈಚೀಲದಲ್ಲಿ ಹೇಗೂ ಬಿಡುವುದಿಲ್ಲವೆಂದು ಅವರಿಗೆ ತಿಳಿಸುವ ಹೊಣೆ ಅಡ್ಮಿನ್‌ದು.