ಆರಾಣೆಯ ನಗು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಯಾವ ಊರಿಗೆ ಹೋದರೂ ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ಅಂಗಡಿಯ ಆಸುಪಾಸಿನ ಕಟ್ಟೆಯ ಮೇಲೆ ಒಬ್ಬ ನಿವೃತ್ತ ಲೆಕ್ಕದ ಮೇಷ್ಟ್ರು ಕೂತಿರುತ್ತಾರೆ. ಹರಪನಹಳ್ಳಿಯವರಾದರೆ ಮನೆ ಬಿಟ್ಟು ಕದಲದೆಯೇ ಮೂರು ಸಲ ಜಿಲ್ಲೆ ಬದಲಿಸಿದವರು: 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಜಿಲ್ಲೆ ಬದಲಾದರೂ ಇವರ ಒಂದು ಅಭಿಪ್ರಾಯ ಮಾತ್ರ ಬದಲಾಗಿರಲಿಲ್ಲ. ಕಾದಂಬರಿಯೂ ಬೀಡಿಯೂ ಒಂದೇ. ಹುಡುಗರ ಚೀಲದಲ್ಲಿ ಯಾವುದು ಸಿಕ್ಕರೂ ಅಷ್ಟೇ ಏಟು. ಅಂಥವರಿಗೆ ಪಿಂಚಣಿ ಶುರುವಾದ ಮೇಲೆ, ಮಗಳು ಬಿಟ್ಟುಹೋದ ರಟ್ಟಿನ ಡಬ್ಬಿಯಲ್ಲಿ, ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಸಿಗುತ್ತದೆ. ಅಲ್ಲಿಂದ ಊರಿಗೆ ಶನಿಕಾಟ. 1935ರಲ್ಲಿ ಅಚ್ಚಾದ ಪುಸ್ತಕದ ಕಥೆಯನ್ನು ನಿನ್ನೆ ಬಿಡುಗಡೆಯಾದ ಸಿನಿಮಾದ ಹಾಗೆ ಕಂಡಕಂಡವರಿಗೆಲ್ಲ ಹೇಳುತ್ತಾರೆ. ಕೇಳುವವರಿಗಿಂತ ಮೊದಲು ತಾವೇ ನಕ್ಕು, ಕೆಮ್ಮು ಬಂದು, ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಊರು ಇವರನ್ನು ನೋಡಿ ನಗುತ್ತದೆ, ಅರವತ್ತಕ್ಕೆ ಅರಳುಮರಳು ಅನ್ನುತ್ತದೆ. ಆದರೆ ಹುಡುಗತನದ ನಗೆಯ ಪುಸ್ತಕಕ್ಕೆ ಹಕ್ಕುದಾರ ಓದುಗ ಈ ಮೇಷ್ಟ್ರೇ ಎಂಬುದು ನನ್ನ ವಾದ. ಸಾಕ್ಷಿಗೆ ಆ ಕಾದಂಬರಿಯ ಮಾವಿನಹಣ್ಣಿನ ಲೆಕ್ಕ ಒಂದೇ ಸಾಕು. ಹತ್ತು ಹಣ್ಣಿಗೆ ಹದಿನೈದಾಣೆಯಾದರೆ ನಾಲ್ಕಕ್ಕೆಷ್ಟು ಎಂದು ಅಪ್ಪ ಕೇಳಿದರೆ, ಹಣ್ಣು ಮಾಗಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಸ್ವಾಮಿ ಮುಳುಗಿಬಿಡುತ್ತಾನೆ. ಇದನ್ನು ಹತ್ತು ವರ್ಷದ ಹುಡುಗನಿಗೆ ಓದಲು ಕೊಡಿ, ಅವನು ನಗುವುದಿಲ್ಲ; ಅನುಮಾನ ನ್ಯಾಯವಾದದ್ದೇ ಅನ್ನುತ್ತಾನೆ. ಕಾಯಿಗೆ ಯಾರು ದುಡ್ಡು ಕೊಡುತ್ತಾರೆ? ಮೇಷ್ಟ್ರು ಹಾಗಲ್ಲ. ಅಭ್ಯಾಸಬಲದಿಂದ ಮೊದಲು ಮನಸ್ಸಿನಲ್ಲೇ ‘ಆರಾಣೆ’ ಎಂದು ಉತ್ತರ ತೆಗೆಯುತ್ತಾರೆ. ಆಮೇಲೆ, ಇಂಥದ್ದೇ ಲೆಕ್ಕ ಕೊಟ್ಟು, ಕಿಟಕಿಯಾಚೆ ನೋಡುತ್ತಿದ್ದ ಎಷ್ಟು ಹುಡುಗರ ಕಿವಿ ಹಿಂಡಿದೆ, ಅವರೆಲ್ಲ ಹಣ್ಣು ಮಾಗಿದೆಯೋ ಅಂತಲೇ ಯೋಚಿಸುತ್ತಿದ್ದರೋ ಏನೋ ಎಂದು ಹೊಳೆಯುತ್ತದೆ. ನಗು ಆಗ ಬರುತ್ತದೆ, ಸ್ವಲ್ಪ ಹುಳಿಹುಳಿಯಾಗಿ. ಬೆತ್ತದ ಎರಡೂ ತುದಿ ಕಂಡವನಿಗಷ್ಟೇ ಬರುವ ನಗು ಅದು. ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕದ್ದೂ ಇದೇ ಪಾಡು: ನುಡಿ ಒಂದೇ ಸಾಲು, ಅರ್ಥಕ್ಕೆ ಮಾತ್ರ ವರ್ಷವಿಡೀ ಕಾಯಬೇಕು.

ತಿಳಿದವರು ಇಲ್ಲಿ ಅಡ್ಡ ಬರಬಹುದು. ಪುಸ್ತಕ ಅಚ್ಚಾದಾಗ ನಾರಾಯಣರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಮತ್ತೆ ಅರವತ್ತರ ಮಾತೇಕೆ? ನಿಜ. ಆದರೆ ಅವರೂ ಅಷ್ಟರಲ್ಲಿ ಸ್ವಲ್ಪ ಕಾಲ ಶಾಲೆ ಮೇಷ್ಟ್ರಾಗಿ, ಸಾಕಪ್ಪಾ ಸಾಕು ಎಂದು ಬಿಟ್ಟು ಬಂದಿದ್ದರು. ಅವರಿಗೆ ಬೇಗ ಒದಗಿದ್ದು ನಮ್ಮ ಮೇಷ್ಟ್ರಿಗೆ ಸೇವಾವಧಿ ಪೂರ್ತಿ ಮುಗಿಸಿದ ಮೇಲೆ ಒದಗಿತು, ಅಷ್ಟೇ. ತಡವಾಗಿ ಪುಸ್ತಕ ಹತ್ತಿಸಿಕೊಳ್ಳುವುದು ಈ ಸೀಮೆಗೆ ಹೊಸದೂ ಅಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಕನ್ನಡವನ್ನು ಮೂಸಿಯೂ ನೋಡದೆ ಇದ್ದು, ಅನಕೃ ಅವರ ‘ಸಂಧ್ಯಾರಾಗ’ ಓದಿದ ಮೇಲೆ ಈ ಕಡೆ ಹೊರಳಿದವರು. ಹೊರಳಿ ಬೀಚಿ ಆದರು, ತಿಂಮನನ್ನು ಹುಟ್ಟಿಸಿದರು, ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಕೊಟ್ಟೂರಿನ ಕುಂ. ವೀರಭದ್ರಪ್ಪನವರೂ ಮೇಷ್ಟ್ರೇ. ಅವರು ತಮ್ಮ ಜೀವನಕಥೆಗೆ ಇಟ್ಟ ಹೆಸರು ‘ಗಾಂಧಿ ಕ್ಲಾಸು’. ಟಾಕೀಸಿನಲ್ಲಿ ಪರದೆಗೆ ಮೂಗು ತಾಗುವಷ್ಟು ಮುಂದೆ ಕೂತು, ಕತ್ತೆತ್ತಿ ಸಿನಿಮಾ ನೋಡಿದ ದಿನಗಳನ್ನು ನೆನೆದು ನಗಲು, ಒಮ್ಮೆಯಾದರೂ ಹಿಂದಿನ ಕುರ್ಚಿಯಲ್ಲಿ ಕೂತಿರಬೇಕು.

ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು. ಹೊಡೆದವರೇ ಈಗ ನಕ್ಕರೆ ಹೊಡೆಸಿಕೊಂಡವರು ಏನು ಮಾಡಬೇಕು? ಇದನ್ನು ನಾನು ತಳ್ಳಿಹಾಕಲಾರೆ. ಮೇಷ್ಟ್ರ ನಗುವಿನಲ್ಲಿ ಪಶ್ಚಾತ್ತಾಪ ಇದ್ದೀತು, ಕ್ಷಮಾಪಣೆಯಂತೂ ಇಲ್ಲ. ಹಳೇ ಶಿಷ್ಯ, ಈಗ ಅದೇ ಅಂಗಡಿಯಲ್ಲಿ ಮಿರ್ಚಿ ಕರಿಯುವವನು, ಎದುರಾದರೆ ‘ಅವತ್ತು ತಪ್ಪಾಯಿತಪ್ಪಾ’ ಅನ್ನುವ ಬದಲು ಸ್ವಾಮಿಯ ಕಥೆ ಶುರುಮಾಡುತ್ತಾರೆ. ಅವನು ಬಾಣಲೆಯಿಂದ ಕಣ್ಣು ತೆಗೆಯದೆ ‘ಹೌದ್ರಿ ಸರ್’ ಅನ್ನುತ್ತಾನೆ. ಆದರೂ ನಗದ ಮೇಷ್ಟ್ರಿಗಿಂತ ಇವರು ವಾಸಿ. ನಗದವರು ಇಂದಿಗೂ ಆ ಏಟುಗಳನ್ನು ಉಪಕಾರದ ಖಾತೆಯಲ್ಲೇ ಬರೆದಿಟ್ಟಿದ್ದಾರೆ.

ಪುಸ್ತಕ ಮನುಷ್ಯನನ್ನು ಪೂರ್ತಿ ತಿದ್ದುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ರಜೆಗೆ ಬಂದ ಮೊಮ್ಮಗನ ಕೈಯಿಂದ ಮೊಬೈಲು ಕಸಿದು, ನಗಿಸಲೆಂದೇ ಮೇಷ್ಟ್ರು ಮಾವಿನಹಣ್ಣಿನ ಪುಟ ಓದುತ್ತಾರೆ. ಹುಡುಗ ಕೇಳುತ್ತಾನೆ: ‘ಅಜ್ಜಾ, ಆಣೆ ಅಂದ್ರೇನು?’ ಅಷ್ಟು ಸಾಕು. ಹದಿನಾರಾಣೆಗೆ ಒಂದು ರೂಪಾಯಿ, ಆಣೆಗೆ ಹನ್ನೆರಡು ಕಾಸು, 1957ರಲ್ಲಿ ನಯಾಪೈಸೆ ಬಂತು, ಬರೆದುಕೋ, ಪೆನ್ನೆಲ್ಲಿ, ನೆಟ್ಟಗೆ ಕೂಡು, ಕಿಟಕಿಯಾಚೆ ಏನು ನೋಡ್ತೀಯ?