ಹುಲಿ ಪಾಠ, ಚಿಗರಿ ಊರು

ಬೀದರ್ ಜಿಲ್ಲೆಯ ಬಗದಲ್‌ನ ಒಂದು ಚಾ ಅಂಗಡಿ. ತರಬೇತಿ ಮುಗಿಸಿ ಬಂದ ಫಾರೆಸ್ಟ್ ಗಾರ್ಡ್, ಸೋಯಾ ಕಳಕೊಂಡ ಕಾಕಾ.

"ಏನ್ ಕಲ್ತ್ ಬಂದ್ರಿ ಸಾಬ್?"

"ಹುಲಿ ಹೆಜ್ಜಿ ಅಳಿಯೋದು, ಕಾಕಾ. ಆನಿ ಲದ್ದಿ ಗುರ್ತ್ ಹಿಡಿಯೋದು."

"ಹೊನ್ನಿಕೇರಿ ಅಡವ್ಯಾಗ ಹುಲಿ ಯಾವಾಗ ನೋಡೀರಿ? ನಮ್ಮಲ್ಲಿ ಇರೋದು ಚಿಗರಿ ಅಲ್ರೀ?"

"ಚಿಗರಿ ಸಿಲಬಸ್‌ನಾಗ ಇಲ್ಲ."

"ನನ್ನ ಸೋಯಾದಾಗ ಅದ."

"ಮುಟ್ಟಬ್ಯಾಡ್ರಿ! ಕೃಷ್ಣಮೃಗ ಅದು. 1972ರ ವನ್ಯಜೀವಿ ಕಾಯ್ದಾ, ಒಂದನೇ ಪಟ್ಟಿ. ಹುಲಿಗಿ ಇರೋ ರಕ್ಷಣಾನೇ ಇದಕ್ಕೂ."

"ಹುಲಿ ಸೋಯಾ ತಿನ್ನಂಗಿಲ್ಲಲ್ರೀ. ಪರಿಹಾರ?"

"ಅರ್ಜಿ ಕೊಡ್ರಿ, ಫೋಟೋ ಹಚ್ಚಿ."

"ಯಾರ್ದು, ಚಿಗರಿದಾ?"

"ಕಾಕಾ, ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ. ಜನಜಾಗೃತಿ ಅದ, ಬರ್ರಿ."

"ಏನ್ ಮಾಡ್ತೀರಿ?"

"ಹುಲ್ಲಗಾವಲದಾಗ ಸಸಿ ಹಚ್ತೀವಿ."

(ದೂರದಿಂದಲೇ ಅಪಾಯ ಕಂಡು, ಬಯಲಿನಲ್ಲಿ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಯ ಕಣ್ಣೆದುರು ಮರಗಳ ಸಾಲು ನಿಲ್ಲಿಸುವುದಕ್ಕೆ ನಮ್ಮಲ್ಲಿ ಹಸಿರೀಕರಣ ಎಂದು ಹೆಸರು. ಹುಲ್ಲುಗಾವಲನ್ನು ಬಂಜರು ಎಂದು ಬರೆದುಕೊಂಡ ಹಳೇ ಕಡತಗಳ ಪುಣ್ಯ.)

"ಹುಲ್ಲು ಹ್ವಾದ್ರ ಚಿಗರಿ ಎಲ್ಲಿಗಿ ಹೋಗ್ಬೇಕ್ರೀ?"

ಗಾರ್ಡ್ ದನಿ ತಗ್ಗಿಸಿದ. "ನಿಮ್ಮ ಹೊಲಕ್ಕ."

"ಇದನ್ ಯಾರ್ ಕಲ್ಸಿದ್ರು?"

"ಯಾರೂ ಇಲ್ಲ. ನಾನೂ ಇದೇ ಕಡಿಯವ, ಸಣ್ಣಾಂವಿದ್ದಾಗಿಂದ ನೋಡೀನಿ."

"ಹಂಗಾದ್ರ ಮುಂದಿನ ಸಲ ಪಾಠ ನೀವೇ ಹೇಳ್ರಲ್ಲ."

"ಹ್ಯಾಂಗ್ ಹೇಳ್ಲಿ ಕಾಕಾ? ಸರ್ಟಿಫಿಕೇಟ್ ಹುಲಿದು ಕೊಟ್ಟಾರ."