ಭಾಗವಾಗದ ಮನೆತನ

ಕೃಷಿಯಲ್ಲಿ ಲಾಭವಿಲ್ಲ ಎಂದು ಟೊಮೆಟೊವನ್ನು ರಸ್ತೆಗೆ ಸುರಿದು ಮನೆಗೆ ಹೋಗುವ ಕೋಲಾರದ ರೈತರಿಗೆ ಒಂದು ಶುಭ ಸಮಾಚಾರ: ಲಾಭ ಇದೆ. ಅಮೆರಿಕದ ಮಿನೆಸೋಟದಲ್ಲಿ ಒಂದು ಮನೆತನದ ಹತ್ತಿರ ಅದು ಕ್ಷೇಮವಾಗಿದೆ.

1865ರಲ್ಲಿ ವಿಲಿಯಂ ಕಾರ್ಗಿಲ್ ಎಂಬಾತ ಅಯೋವಾದ ಕಾನೋವರ್ ಎಂಬ ಊರಿನಲ್ಲಿ ಒಂದು ಕಾಳಿನ ಗೋದಾಮು ಹಾಕಿಕೊಂಡ. ಇವತ್ತು ಅದರಿಂದ ಬೆಳೆದ ಕಾರ್ಗಿಲ್ ಕಂಪನಿಯ ವಾರ್ಷಿಕ ವಹಿವಾಟು 15,000 ಕೋಟಿ ಡಾಲರಿಗೂ ಮೇಲೆ. ಆತನ ಜಾಣತನ ಒಂದೇ. ಬೆಳೆಯುವ ಉಸಾಬರಿಗೆ ಹೋಗಲಿಲ್ಲ. ಬೆಳೆದವನು ಮಾರಲೇಬೇಕಾದ ಜಾಗದಲ್ಲಿ ಹೋಗಿ ಕೂತ. ನಮ್ಮವರು ಸಾವಿರ ಅಡಿ ಬೋರ್ ಕೊರೆಸಿ ಧೂಳು ನೋಡುತ್ತಾರೆ. ಆತ ನೆಲ ಕೊರೆಯಲೇ ಇಲ್ಲ.

ಅದಕ್ಕಿಂತ ಸೋಜಿಗ ಇನ್ನೊಂದಿದೆ. ನಮ್ಮಲ್ಲಿ ಮೂರು ಎಕರೆಗೆ ನಾಲ್ಕು ಜನ ಅಣ್ಣತಮ್ಮಂದಿರು, ಮೋಟರಿಗೆ ಪಾಳಿ, ಹುಣಸೆ ಮರಕ್ಕೆ ಕೋರ್ಟು. ಕಾರ್ಗಿಲ್ ಮತ್ತು ಅವರ ಬೀಗರಾದ ಮ್ಯಾಕ್‌ಮಿಲನ್ ವಂಶದವರು 160 ವರ್ಷವಾದರೂ ಆಸ್ತಿ ಒಡೆಯದೆ, ಷೇರುಪೇಟೆಯ ನೆಂಟಸ್ತಿಕೆಯನ್ನೂ ಬೆಳೆಸದೆ, ಲಾಭದ ಬಹುಪಾಲನ್ನು ಮತ್ತೆ ವ್ಯಾಪಾರಕ್ಕೇ ಹಾಕುತ್ತಾ ಒಟ್ಟಿಗಿದ್ದಾರೆ. ಅವಿಭಕ್ತ ಕುಟುಂಬ ನಮ್ಮ ಸಂಸ್ಕೃತಿ ಎಂದು ಭಾಷಣ ಬಿಗಿಯುವವರು ಒಮ್ಮೆ ಅಲ್ಲಿಗೆ ಹೋಗಿ ಕಲಿತು ಬರಬೇಕು.

ಮನೆಯ ಗುಟ್ಟೂ ಗಟ್ಟಿ. ಮೂರು ತಿಂಗಳಿಗೊಮ್ಮೆ ಹೇಳುತ್ತಿದ್ದ ಲಾಭದ ಲೆಕ್ಕವನ್ನೂ 2020ರಲ್ಲಿ ನಿಲ್ಲಿಸಿದರು. ಖಾಸಗಿ ಕಂಪನಿ, ಯಾರೂ ಕೇಳುವಂತಿಲ್ಲ. ಮುಳಬಾಗಿಲಿನ ರೈತನ ಪಹಣಿಯನ್ನಾದರೋ ಯಾರು ಬೇಕಾದರೂ ಮೊಬೈಲಿನಲ್ಲೇ ತೆಗೆದು ನೋಡಬಹುದು: ಎಷ್ಟು ಗುಂಟೆ, ಯಾವ ಬೆಳೆ, ಯಾವ ಬ್ಯಾಂಕಿನ ಸಾಲ. ಈ ಲೋಕದಲ್ಲಿ ಖಾಸಗಿತನ ಇರುವುದು ಸಾಲ ಕೊಡುವವನಿಗೆ, ಸರಕು ಕೊಳ್ಳುವವನಿಗೆ.

ನಾವು ಸುಮ್ಮನೆ ಕೂತಿದ್ದೆವು ಎಂದಲ್ಲ. 1992ರ ಡಿಸೆಂಬರಿನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜದ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. ಮರುವರ್ಷ ಜುಲೈನಲ್ಲಿ ಬಳ್ಳಾರಿಯ ಸಿರಿವಾರದಲ್ಲಿ ಕಟ್ಟುತ್ತಿದ್ದ ಬೀಜ ಘಟಕವನ್ನು ಕೆಡವಿದರು. ಕಂಪನಿ ಕಣ್ಣೀರು ಹಾಕಲಿಲ್ಲ. 1998ರಲ್ಲಿ ತನ್ನ ಹೊರದೇಶದ ಬೀಜ ವ್ಯಾಪಾರವನ್ನು 140 ಕೋಟಿ ಡಾಲರಿಗೆ ಮಾನ್ಸಾಂಟೊಗೆ ಮಾರಿತು. ಮಾನ್ಸಾಂಟೊ 2005ರಲ್ಲಿ ತರಕಾರಿ ಬೀಜದ ಸೆಮಿನಿಸ್ ಕಂಪನಿಯನ್ನು ಕೊಂಡಿತು. 2018ರಲ್ಲಿ ಮಾನ್ಸಾಂಟೊವನ್ನೇ ಬಾಯರ್ ನುಂಗಿತು. ಗೋಡೆ ಬಿತ್ತು, ಬೀಜ ಮನೆ ಬದಲಾಯಿಸಿತು. ಕಾರ್ಗಿಲ್ ಹೊಲದ ದಾರಿ ಬಿಟ್ಟು ಅಡುಗೆಮನೆಯ ದಾರಿ ಹಿಡಿಯಿತು. ದಾವಣಗೆರೆಯಲ್ಲಿ ಅದರ ಮೆಕ್ಕೆಜೋಳದ ಕಾರ್ಖಾನೆ ನಡೆಯುತ್ತಿದೆ. ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಜೆಮಿನಿ ಎಣ್ಣೆ ಅವರದೇ. ಹಸಿರು ಟವೆಲ್ ಹೊದ್ದವರ ಮನೆಯಲ್ಲೂ ಸಾಸಿವೆ ಸಿಡಿಯಲೇಬೇಕಲ್ಲ!

ನೆಲ ಬೇಡದ ಈ ಜಾಣತನ ನಮ್ಮ ರಾಜ್ಯ ಸರ್ಕಾರಕ್ಕೆ ಮಾತ್ರ ಹೊಳೆಯಲಿಲ್ಲ. ಕಂಪನಿಗಳು ಬಂದು ಕೃಷಿಯನ್ನು ಉದ್ಧಾರ ಮಾಡಲಿ ಎಂದು 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿತು. ಅಂದರೆ, ಇನ್ನು ಯಾರು ಬೇಕಾದರೂ ಜಮೀನು ಕೊಳ್ಳಬಹುದು! ಜಾಣ ಕಂಪನಿಗೆ ಜಮೀನು ಯಾಕೆ ಬೇಕು? ಬೆಂಗಳೂರಿಗೆ ಅಂಟಿಕೊಂಡ ಮಾಲೂರಿನ ಜಮೀನಿನಲ್ಲಿ ಈಗ ಬೆಳೆಯುತ್ತಿರುವುದು ಬಡಾವಣೆ. ಅದಕ್ಕೆ ಊಜಿ ನೊಣವೂ ಇಲ್ಲ, ರೋಗವೂ ಇಲ್ಲ.

2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಟಿವಿಯವರು ಓಡಿಬಂದರು. ರೈತ ಕೋಟ್ಯಧಿಪತಿ ಎಂದು ಕೂಗಿದರು. ಬೆಲೆ ಬಿದ್ದ ದಿನ ಮಂಡಿಯಲ್ಲಿ ಕೇಳುವ ಮಾತೇ ಬೇರೆ: “ಏನಣ್ಣಾ, ಬಾಕ್ಸು ಎಷ್ಟಕ್ಕೋಯ್ತು?” “ಬಾಡಿಗೆಗೆ ಸರಿಹೋಯ್ತಪ್ಪಾ.” ಈ ಮಾತಿಗೆ ಕ್ಯಾಮೆರಾ ಬರುವುದಿಲ್ಲ.

ಮಾವಿನ ಶ್ರೀನಿವಾಸಪುರದ ಕಥೆ ಇನ್ನೂ ನೇರ. ಇಲ್ಲಿನ ತೋತಾಪುರಿಯನ್ನು ತಿರುಳು ಮಾಡುವ ಕಾರ್ಖಾನೆಗಳು ಗಡಿಯಾಚೆ ಚಿತ್ತೂರಿನಲ್ಲಿವೆ. 2025ರ ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಬೇಡ ಎಂದು ಗೇಟು ಹಾಕಿತು. ಇಲ್ಲಿಂದ ಮುಖ್ಯಮಂತ್ರಿ ಅಲ್ಲಿನ ಮುಖ್ಯಮಂತ್ರಿಗೆ ಪತ್ರ ಬರೆದರು, ಶ್ರೀನಿವಾಸಪುರ ಬಂದ್ ಆಯಿತು, ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಎಂದು ಒಂದು ದರ ಗೊತ್ತುಮಾಡಿತು. ಇಷ್ಟೆಲ್ಲ ಆಗುವವರೆಗೆ ಹಣ್ಣು ಕಾಯಬೇಕಲ್ಲ?

ಮರ ನಮ್ಮದು, ಗೇಟು ಅವರದು ಎನ್ನುವ ತನಕ ಬೆಲೆಯೂ ಅವರದೇ. ಗೇಟನ್ನು ನಮ್ಮದು ಮಾಡಿಕೊಳ್ಳುವುದು ಹೊಸದೇನಲ್ಲ: ಕೋಲಾರ ಜಿಲ್ಲೆಯ ಹೆಂಗಸರು ಬೆಳಗೂ ಬೈಗೂ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಿ ಕೋಮುಲ್ ಎಂಬ ಹಾಲು ಒಕ್ಕೂಟವನ್ನು ನಿಲ್ಲಿಸಿದ್ದಾರೆ. ಆದ್ದರಿಂದ ಮುಂದಿನ ಚುನಾವಣೆಯಲ್ಲಿ ಕೈಮುಗಿದು ಬರುವವರ ಹತ್ತಿರ ಸೀರೆ, ಕುಕ್ಕರ್ ಕೇಳಬೇಡಿ. ಶ್ರೀನಿವಾಸಪುರದಲ್ಲಿ ಬೆಳೆಗಾರರದೇ ಸಹಕಾರಿ ಮಾವಿನ ತಿರುಳಿನ ಕಾರ್ಖಾನೆ ಕೇಳಿ. ಕೊಡುತ್ತೇನೆ ಅಂದವರಿಂದ ದಿನಾಂಕ ಬರೆಸಿಕೊಳ್ಳಿ.